ಅಮ್ಮನ ಕೈಯಲ್ಲಿದ್ದ ಆಮೆನ್

ಎರಡೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವುದು ನನಗೆ ಇವತ್ತಿಗೂ ಬಂದಿಲ್ಲ. ಎಡಗಣ್ಣು ಹೇಳಿದ ಮಾತು ಕೇಳುತ್ತದೆ. ಬಲಗಣ್ಣು ಮಾತ್ರ ಕೂದಲೆಳೆಯಷ್ಟು ತೆರೆದೇ ಇರುತ್ತದೆ. ಈಚೆಗೆ ನಮ್ಮ ಚರ್ಚಿನ ಸಭೆಯವರೊಬ್ಬರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಆ ಮನೆಯ ಪುಟ್ಟ ಹುಡುಗಿ ಇದನ್ನು ಪತ್ತೆ ಹಚ್ಚಿ, "ಈ ಅಜ್ಜಿ ಪ್ರಾರ್ಥನೆ ಹೊತ್ತಲ್ಲಿ ಸಾರು ನೋಡ್ತಿದ್ರು" ಎಂದು ಎಲ್ಲರೆದುರು ವರದಿ ಒಪ್ಪಿಸಿಬಿಟ್ಟಳು. ತಾನೂ ಕಣ್ಣು ಬಿಟ್ಟಿದ್ದರಿಂದಲೇ ಅಲ್ಲವೇ ಅವಳಿಗೆ ಅದು ಗೊತ್ತಾದದ್ದು? ಹಾಗೆ ಕೇಳಬಹುದಿತ್ತು. ಈ ವಯಸ್ಸಿನಲ್ಲಿ ಅಷ್ಟು ಚಿಕ್ಕವಳ ಜೊತೆ ವಾದಕ್ಕೆ ನಿಂತು ಸೋಲುವುದು ಬೇಡವೆಂದು ಸುಮ್ಮನಾದೆ. ನಾನು ನೋಡುತ್ತಿದ್ದದ್ದು ಸಾರನ್ನಲ್ಲ, ಸಾರಿನ ಮೇಲಿನ ಹಬೆಯನ್ನು. ಅದು ಇನ್ನೂ ಇದೆಯೋ, ಹೋಯಿತೋ ಎಂದು ನೋಡುವ ಚಾಳಿ ನನಗೆ ಬ್ಲಫ್‌ನಲ್ಲಿ ಅಂಟಿದ್ದು.

ಬ್ಲಫ್ ಎಂದರೆ ಶಿವನಸಮುದ್ರದ ವಿದ್ಯುತ್ ಕೇಂದ್ರದ ನೌಕರರು ಇರುತ್ತಿದ್ದ ಊರು. ಅಪ್ಪ ಅಲ್ಲಿ ಫಿಟ್ಟರು. ನಾವು ಹೆಂಚಿನ ಮಾಡಿನ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪ, ಅಮ್ಮ, ನಾನು, ನನ್ನ ತಮ್ಮ. ಇಡೀ ಸೀಮೆಗೆ ಕರೆಂಟು ಕಳಿಸುವ ಊರಿನಲ್ಲಿದ್ದೇವೆ ಎಂಬ ಜಂಬ ನಮಗಿತ್ತು. ಆ ಜಂಬ ಇಳಿಯಲಿ ಎಂದೋ ಏನೋ, ಮಳೆ ಬಂದ ದಿನ ಮೊದಲು ದೀಪ ಹೋಗುತ್ತಿದ್ದದ್ದು ನಮ್ಮ ಸಾಲಿನಲ್ಲೇ.

ಇನ್ನು ಹಬೆಯ ವಿಷಯ. ರಾಗಿ ಮುದ್ದೆ ತಿನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಅದಕ್ಕೆ ಹಿಟ್ಟು ಎಂದೇ ಹೆಸರು. ಹಿಟ್ಟನ್ನು ಬಿಸಿಯಿದ್ದಾಗ ಉಣ್ಣಬೇಕು. ಬೆರಳು ಸುಡಬೇಕು, ಬಾಯಿ ಸುಡಬಾರದು, ಆ ಹದದಲ್ಲಿ ಮುರಿದು ಸಾರಿನಲ್ಲಿ ಅದ್ದಿ ನುಂಗಬೇಕು. ಆರಿದರೆ ಅದರ ಮೇಲೆ ಒಂದು ಚರ್ಮ ಕಟ್ಟುತ್ತದೆ. ಇನ್ನೂ ಆರಿದರೆ ಗಂಟಲಲ್ಲಿ ಇಳಿಯುವುದೇ ಇಲ್ಲ, ಅಲ್ಲೇ ನಿಂತು ಯೋಚನೆ ಮಾಡುತ್ತದೆ. ಹಿಟ್ಟು ಉಣ್ಣುವ ಮನೆಯಲ್ಲಿ ಊಟಕ್ಕೆ ಮುಂಚಿನ ಪ್ರಾರ್ಥನೆ ಚಿಕ್ಕದಾಗಿರಬೇಕು ಎಂಬುದು ಯಾರಿಗಾದರೂ ಹೊಳೆಯುವ ಮಾತು. ನಮ್ಮಪ್ಪನಿಗೆ ಹೊಳೆಯಲಿಲ್ಲ.

ಅಪ್ಪನ ಪ್ರಾರ್ಥನೆ ಉದ್ದ. ಎಂಥ ಉದ್ದವೆಂದರೆ, ತಿಂಗಳಿಗೊಮ್ಮೆ ಮಳವಳ್ಳಿಯಿಂದ ಬರುತ್ತಿದ್ದ ನಮ್ಮ ಸಭೆಯ ಪಾದ್ರಿ ಅಯ್ಯನವರು ಒಮ್ಮೆ ನಮ್ಮಲ್ಲಿ ಊಟಕ್ಕೆ ಕೂತು ಪ್ರಾರ್ಥನೆಯನ್ನು ಅಪ್ಪನಿಗೆ ಬಿಟ್ಟುಕೊಟ್ಟವರು, ಮುಂದಿನ ತಿಂಗಳಿನಿಂದ ಎಲೆಯ ಮುಂದೆ ಕೂತ ತಕ್ಷಣ ತಾವೇ ಕೈಮುಗಿದು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. "ನೋಡಿ, ಓದ್ದೋರು ಎಂಗೆ ಚುಟುಕಾಗಿ ಏಳ್ತಾರೆ" ಎಂದು ಅಮ್ಮ ಅಪ್ಪನಿಗೆ ಕೇಳುವಂತೆ ಗೋಡೆಗೆ ಹೇಳುತ್ತಿದ್ದಳು.

ಪವರ್ ಹೌಸಿನಲ್ಲಿ ಅಪ್ಪನ ಬಾಯಿ ಅಷ್ಟು ಮಡಿಯದಾಗಿರಲಿಲ್ಲ. ತುಕ್ಕು ಹಿಡಿದ ನಟ್ಟು ತಿರುಗದಿದ್ದರೆ ಅದರ ವಂಶವನ್ನೇ ಜಾಲಾಡುತ್ತಿದ್ದರಂತೆ. ಆದರೆ ಸಂಜೆ ಕೈಕಾಲು ತೊಳೆದು ಚಾಪೆಯ ಮೇಲೆ ಕೂತರೆ ಭಾಷೆಯೇ ಬದಲಾಗುತ್ತಿತ್ತು. "ಪರಲೋಕದಲ್ಲಿರುವ ದಯಾಮಯನಾದ ತಂದೆಯೇ" ಎಂದು ಶುರುವಾಗಿ, ಸರ್ಕಾರ ನಡೆಸುವವರಿಗೆ ಸದ್ಬುದ್ಧಿ ಕೇಳಿ, ಅಲ್ಲಿಂದ ಹೆಸರುಗಳಿಗೆ ಇಳಿಯುತ್ತಿತ್ತು. ಎಮರ್ಜೆನ್ಸಿ ಬಂದಾಗ ಪಕ್ಕದ ಸಾಲಿನ ಸ್ಕೂಲು ಮೇಷ್ಟ್ರು ಓಡಿ ಬಂದು, "ಸದ್ಬುದ್ಧಿ ಕೊಡು ಅಂತ ಕೂಗಿ ಹೇಳಬೇಡಿ ಮಾರಾಯರೆ, ಆಯುರಾರೋಗ್ಯ ಕೊಡು ಅನ್ನಿ, ನಮ್ಮ ಮನೆಗೂ ಕೇಳಿಸುತ್ತೆ" ಎಂದು ಬೇಡಿಕೊಂಡರು. ಅಪ್ಪ ಎರಡನ್ನೂ ಸೇರಿಸಿದರು. ಹಿಟ್ಟು ಇನ್ನಷ್ಟು ಆರಿತು.

ಈ ಹೆಸರುಗಳ ಹುಚ್ಚು ಅಪ್ಪನಿಗೆ ಹಿಡಿದದ್ದು ಹೀಗೆ. ಅವರು ಹುಟ್ಟು ಕ್ರೈಸ್ತರಲ್ಲ. ಮದ್ದೂರು ತಾಲ್ಲೂಕಿನ ಕೊಪ್ಪದ ಒಕ್ಕಲು ಮನೆತನದ ಹುಡುಗ, ಹೆಸರು ನಂಜ. ಕೆಲಸಕ್ಕೆಂದು ಬ್ಲಫ್‌ಗೆ ಬಂದ ಹೊಸದರಲ್ಲಿ ವಿಷಮಶೀತ ಜ್ವರ ಬಂದು, ಮೈಸೂರಿನ ಮಿಷನ್ ಆಸ್ಪತ್ರೆಯೊಂದರಲ್ಲಿ ಮಲಗಿದ್ದರು. ಅಲ್ಲಿ ಒಬ್ಬರು ಮುದುಕರು ಸಂಜೆ ಸಂಜೆ ವಾರ್ಡಿಗೆ ಬಂದು, ಒಂದೊಂದು ಮಂಚದ ಪಕ್ಕ ನಿಂತು, ಹೆಸರು ಕೇಳಿಕೊಂಡು, ಆ ಹೆಸರು ಹಿಡಿದು ಪ್ರಾರ್ಥಿಸಿ ಮುಂದಿನ ಮಂಚಕ್ಕೆ ಹೋಗುತ್ತಿದ್ದರಂತೆ. "ಗುರುತಿಲ್ಲ, ಪರಿಚಯವಿಲ್ಲ. ಕೊಪ್ಪದ ನಂಜ ಅಂತ ಒಬ್ಬ ಅವನೆ, ಅವನ ಕಡೆ ನೋಡು ಅಂತ ದೇವ್ರಿಗೆ ಏಳುದ್ರು ಕಣವ್ವ. ನನ್ನ ಎಸರು ಅಷ್ಟು ದೂರ ಓಯ್ತು ಅಂತ ನಂಗೆ ಅವತ್ತೇ ಗೊತ್ತಾದ್ದು" ಎಂದು ಅಪ್ಪ ನನ್ನ ಹತ್ತಿರ ಹೇಳುತ್ತಿದ್ದರು. ಅವರಿಗೆ ಬೆಳಕು ಕಾಣಲಿಲ್ಲ, ಅಶರೀರವಾಣಿ ಕೇಳಲಿಲ್ಲ. ಜ್ವರ ಬಿಟ್ಟಿತು, ಆ ಮಾತು ಉಳಿಯಿತು. ನಂಜ ದೀಕ್ಷಾಸ್ನಾನ ಪಡೆದು ಸಮುವೇಲ ಆದರು. ಆಮೇಲೆ ಮಳವಳ್ಳಿಯ ಹಳೆಯ ಕ್ರೈಸ್ತ ಮನೆತನದ ನಮ್ಮಮ್ಮನನ್ನು ಮದುವೆಯಾದರು.

ಅಮ್ಮನಿಗೆ ತೊಟ್ಟಿಲಿನಿಂದ ಪ್ರಾರ್ಥನೆ ಕೇಳಿ ರೂಢಿ. ದೇವರು ಅವಳಿಗೆ ಮನೆಯ ಹಿರಿಯರೊಬ್ಬರಿದ್ದ ಹಾಗೆ, ಗೌರವವಿತ್ತು, ಗಡಿಬಿಡಿಯಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅಪ್ಪ ಆಮೆನ್ ಎಂದ ಮೇಲೆ ಅವಳು ಹಿಟ್ಟು ಮುರಿಯಲು ಕೈ ಹಾಕಿದರೆ, "ತಡಿ, ಇಂಥವ್ರನ್ನ ಮರತೆ" ಎಂದು ಅಪ್ಪ ಮತ್ತೆ ಕಣ್ಣು ಮುಚ್ಚುತ್ತಿದ್ದರಂತೆ. ಒಂದೇ ಊಟಕ್ಕೆ ಮೂರು ನಾಲ್ಕು ಆಮೆನ್ ಆದದ್ದೂ ಉಂಟಂತೆ. ಕೊನೆಗೆ ಅವಳು, "ಪ್ರಾರ್ಥನೆ ನೀವು ಮಾಡಿ. ಆಮೆನ್ ನನಗೆ ಬಿಡಿ. ನಾನು ಅಂದ ಮೇಲೆ ಮುಗೀತು, ಆಮೇಲೆ ಯಾರೂ ತಟ್ಟೆ ಬಿಟ್ಟು ದೇವರನ್ನ ಕರೆಯಂಗಿಲ್ಲ" ಎಂದು ಕಟ್ಟು ಮಾಡಿದಳು. ಅಲ್ಲಿಂದ ನಮ್ಮ ಮನೆಯ ಆಮೆನ್ ಅಮ್ಮನ ಕೈ ಸೇರಿತು. ಅವಳು ಅನ್ನದೆ ಯಾರೂ ತುತ್ತು ಮುರಿಯುವಂತಿಲ್ಲ. ಆಮೇಲಾಮೇಲೆ ಅವಳು ಇನ್ನೂ ಜಾಣಳಾದಳು. ಅಪ್ಪ ಸರ್ಕಾರದ ಹತ್ತಿರ ಬರುವಾಗ ಎಸರಿಗೆ ಹಿಟ್ಟು ಹಾಕುವಳು, ನೆರೆಹೊರೆಗೆ ಬಂದಾಗ ಕೋಲು ಹಾಕಿ ತಿರುವುವಳು, ನೆಂಟರಿಷ್ಟರು ಬರುವ ಹೊತ್ತಿಗೆ ಕಟ್ಟಿ ತಟ್ಟೆಗೆ ಹಾಕುವಳು. ಅಪ್ಪನ ಪ್ರಾರ್ಥನೆ ಮುಗಿಯುವುದಕ್ಕೂ ಅಡುಗೆಮನೆಯಿಂದ "ಆಮೆನ್" ಬರುವುದಕ್ಕೂ ಸರಿಹೋಗುತ್ತಿತ್ತು.

ಸರಿಹೋಗುತ್ತಿತ್ತು ಎಂದೆ, ಹೊಸ ಹೆಸರು ಸೇರದ ದಿನ. ಆದರೆ ಸೇರದ ದಿನವೇ ಕಡಿಮೆ. ಕ್ವಾರ್ಟರ್ಸಿನಲ್ಲಿ ನಮ್ಮದೊಂದೇ ಕ್ರೈಸ್ತರ ಮನೆ. ಆದರೂ ಅಪ್ಪನ ಪ್ರಾರ್ಥನೆಗೆ ಎಲ್ಲ ದೇವರ ಭಕ್ತರಿಂದಲೂ ಅರ್ಜಿ ಬರುತ್ತಿತ್ತು. ಮೇಷ್ಟ್ರು ತಮಗೆ ವರ್ಗ ಆಗದಿರಲಿ ಎಂದು ಹೇಳಿಕಳಿಸುತ್ತಿದ್ದರು. ಹಿಂದಿನ ಮನೆಯ ಪುಟ್ಟತಾಯಮ್ಮ ಬೇಲಿಯ ಆಚೆ ನಿಂತು, "ಸಾಮ್ಯೋಲಪ್ಪ, ನಮ್ಮೆಮ್ಮೆ ಹಾಲು ಕದೀತದೆ ಕಣಪ್ಪ, ಅದ್ರ ಎಸರೂ ಒಸಿ ಏಳಿ" ಎನ್ನುತ್ತಿದ್ದಳು. ಎಮ್ಮೆಯ ಹೆಸರು ಗೌರಿ. ಪರಲೋಕದ ತಂದೆಯ ಮುಂದೆ ನಮ್ಮಪ್ಪ ಬಹಳ ದಿನ "ನಮ್ಮ ನೆರೆಯವರ ಗೌರಿ" ಎಂದು ಗಂಭೀರವಾಗಿ ಬೇಡುವಾಗ ನಾನೂ ತಮ್ಮನೂ ನಗು ತಡೆಯಲು ತುಟಿ ಕಚ್ಚಿಕೊಳ್ಳುತ್ತಿದ್ದೆವು. ನನ್ನ ಬಲಗಣ್ಣು ತಟ್ಟೆಯ ಹಬೆಯ ಮೇಲೆಯೇ ಇರುತ್ತಿತ್ತು.

ನಕ್ಕರೂ ಒಂದು ಸಂಗತಿ ಆಗಲೇ ನನ್ನ ಗಮನಕ್ಕೆ ಬಂದಿತ್ತು. ಸಂಜೆ ಗೌರಿಯ ಹೆಸರು ಹೇಳಿದ ಅಪ್ಪ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಆ ಕೊಟ್ಟಿಗೆಗೆ ಇಣುಕದೆ ಹೋಗುತ್ತಿರಲಿಲ್ಲ. ಕೆಲಸದಲ್ಲಿ ತಮ್ಮ ಮೇಲೆ ಚಾಡಿ ಹೇಳಿದವನ ಹೆಸರನ್ನು ಪ್ರಾರ್ಥನೆಗೆ ಸೇರಿಸಿಬಿಟ್ಟ ಮೇಲೆ, ಮಾರನೆಯ ದಿನ ಅವನು ಎದುರಾದಾಗ ಮುಖ ತಿರುಗಿಸಿಕೊಳ್ಳಲು ಅವರಿಗೆ ಆಗುತ್ತಿರಲಿಲ್ಲ. ಅಪ್ಪನ ಧರ್ಮವೆಲ್ಲ ಇಷ್ಟೇ, ಸಂಜೆ ಹಾಜರಿ ಕೂಗುವುದು, ಬೆಳಿಗ್ಗೆ ಎದ್ದು ಆ ಹೆಸರಿನವರನ್ನು ವಿಚಾರಿಸಿಕೊಳ್ಳುವುದು. ಇಷ್ಟರಲ್ಲೇ ಅವರು ತೃಪ್ತರಾಗಿದ್ದರು. ಅಂಥ ನೆಮ್ಮದಿಯಿಂದ ಗೊರಕೆ ಹೊಡೆಯುವವರನ್ನು ನಾನು ಮತ್ತೆ ಕಂಡಿಲ್ಲ.

ಹಾಜರಿಯಲ್ಲಿ ಕೊನೆಗೆ ಬರುತ್ತಿದ್ದದ್ದು ಕೊಪ್ಪ. "ನನ್ನ ಹೆತ್ತ ತಾಯಿ, ನನ್ನ ಅಣ್ಣ ಕೆಂಪಣ್ಣ, ಇವರನ್ನು ಕಾಯಿ" ಎಂದರೆ ಪ್ರಾರ್ಥನೆ ಮುಗಿಯಿತು ಎಂದೇ ಅರ್ಥ. ಮತ ಬದಲಿಸಿದ ಮೇಲೆ ಊರಿನ ನಂಟರು ಅಪ್ಪನನ್ನು ದೂರ ಇಟ್ಟಿದ್ದರು. ದೊಡ್ಡಪ್ಪ ಕೆಂಪಣ್ಣ ಬಾ ಎನ್ನಲೂ ಇಲ್ಲ, ಬರಬೇಡ ಎನ್ನಲೂ ಇಲ್ಲ. ಅಜ್ಜಿ ಮಾತ್ರ ಆಗಾಗ ಹೇಳಿಕಳಿಸಿ ಮದ್ದೂರಿನ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದಳು. ನಾವು ಮಳವಳ್ಳಿ ಬಸ್ಸಿನಿಂದ ಇಳಿದು ಅವಳನ್ನು ನೋಡುತ್ತಿದ್ದೆವು. ಸೆರಗಿನಲ್ಲಿ ಕಟ್ಟಿಕೊಂಡು ಬಂದ ಹುರಿಗಡಲೆ, ಬೆಲ್ಲ ಕೊಟ್ಟು, ನಮ್ಮ ಕೆನ್ನೆ ಸವರಿ, "ಏನು ಸ್ವಾಮಿಗೆ ನಡ್ಕಂಡ್ರೂ ಒಟ್ಟೆ ತುಂಬ ಉಣ್ಲಾ" ಎಂದು ಅಪ್ಪನನ್ನು ಗದರಿ ಬಸ್ಸು ಹತ್ತುತ್ತಿದ್ದಳು.

ಒಂದು ದಿನ ಅಪ್ಪನ ಜೊತೆ ಮಳವಳ್ಳಿ ಸಂತೆಗೆ ಹೋಗಿದ್ದೆ. ಕೊಪ್ಪದ ಕಡೆಯಿಂದ ಬಂದು ವೀಳ್ಯದೆಲೆ ಮಾರುತ್ತಿದ್ದವನೊಬ್ಬ ಅಪ್ಪನ ಗುರುತು ಹಿಡಿದು, ಎಲೆ ಎಣಿಸುವುದನ್ನು ಬಿಟ್ಟು ತಲೆಯೆತ್ತಿದ.

"ಲೋ ನಂಜ, ಅಲ್ಲಾ, ಎತ್ತವ್ವನ ಮಣ್ಗೂ ಬರನಿಲ್ವಲ್ಲೋ ನೀನು? ತಿಥಿನೂ ಆಗೋಯ್ತು."

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. "ಯಾರ ಮಣ್ಣು?" ಎಂದು ಎರಡು ಸಲ ಕೇಳಿದರು. ಅವನಿಗೆ ತಾನು ಏನು ಮಾಡಿದೆ ಎಂದು ತಿಳಿದು, "ನಿಂಗೆ ಏಳ್ಕಳಿಸ್ನಿಲ್ವಾ ಕೆಂಪಣ್ಣ?" ಎಂದು ಮೆಲ್ಲಗೆ ಕೇಳಿದ. ಅಪ್ಪ ಚೀಲವನ್ನು ನನ್ನ ಕೈಗೆ ಕೊಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಬಸ್ಸಿನಲ್ಲಿ ಬ್ಲಫ್ ಬರುವ ತನಕ ಅವರು ಕಿಟಕಿಯ ಕಡೆ ತಿರುಗಿಯೇ ಕೂತಿದ್ದರು. ನನಗೂ ಅಳು ಬರುತ್ತಿತ್ತು. ಅಪ್ಪ ಅಳದೆ ನಾನು ಅಳುವುದು ಹೇಗೆ ಎಂದು ಹಿಡಿದುಕೊಂಡಿದ್ದೆ.

ಆ ಸಂಜೆಯೂ ಚಾಪೆ ಹಾಸಿದ್ದಾಯಿತು. ಪ್ರಾರ್ಥನೆ ಸರ್ಕಾರದಿಂದ ಶುರುವಾಗಿ ಗೌರಿಯವರೆಗೆ ಎಂದಿನಂತೆಯೇ ಬಂತು. ಅಜ್ಜಿಯ ಹೆಸರು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಸತ್ತವರಿಗಾಗಿ ಬೇಡುವ ಪದ್ಧತಿ ನಮ್ಮ ಸಭೆಯಲ್ಲಿ ಇಲ್ಲ. ಅವರು ದೇವರ ಕೈ ಸೇರಿದವರು, ಅವರ ವಿಷಯ ದೇವರಿಗೆ ನಾವು ಹೇಳುವುದೇನಿದೆ ಎಂದು ಅಯ್ಯನವರು ಕಲಿಸಿದ್ದರು, ಅಪ್ಪ ಅದನ್ನು ನಿಯಮದಂತೆ ಪಾಲಿಸುತ್ತಿದ್ದರು. ಆದರೆ ದೊಡ್ಡಪ್ಪನ ಹೆಸರೂ ಬರಲಿಲ್ಲ. ಗೌರಿಯಾದ ಮೇಲೆ ನೇರವಾಗಿ, "ಯೇಸುವಿನ ನಾಮದಲ್ಲಿ ಬೇಡುತ್ತೇವೆ" ಎಂದು ನಿಲ್ಲಿಸಿದರು.

ಅಡುಗೆಮನೆಯಿಂದ ಆಮೆನ್ ಬರಲಿಲ್ಲ.

"ಮುಗೀತು" ಎಂದರು ಅಪ್ಪ.

ಅಮ್ಮ ಹಿಟ್ಟಿನ ಕೋಲು ಹಿಡಿದೇ ಬಾಗಿಲಿಗೆ ಬಂದಳು. "ಒಬ್ರು ಉಳಕಂಡವ್ರೆ."

"ಅವನು ನನ್ನ ಪಾಲಿಗೆ ಸತ್ತೋದ."

"ಅಂಗಾರೆ ತಿಥಿ ಮಾಡಿ ಊರಿಗೆ ಊಟ ಹಾಕಿ. ಉಸಿರಾಡ್ತಾ ಇರೋರ ಎಸರು ತಗ್ದು ನನ್ನ ಕೈಲಿ ಆಮೆನ್ ಅನ್ನಿಸ್ಬ್ಯಾಡಿ."

"ಎತ್ತವ್ವ ಕಣೆ ಅವಳು! ಮುಖ ನೋಡಕೆ ಬುಡನಿಲ್ಲ ಅವನು!" ಅಪ್ಪನ ಧ್ವನಿ ಒಡೆಯಿತು. ಆಗ ನಾನೂ ಅತ್ತೆ. ಅಮ್ಮನ ಕಣ್ಣಲ್ಲೂ ನೀರಿತ್ತು, ಆದರೆ ಅವಳು ಜಗ್ಗಲಿಲ್ಲ. "ಆ ಉರಿ ನಂಗೂ ಅದೆ. ಅದ್ನೂ ಸೇರ್ಸಿ ಏಳಿ. ಎಸರು ಬುಡಬ್ಯಾಡಿ" ಎಂದಳು.

ನಮಗಿಬ್ಬರಿಗೂ ಅವಳು ತಟ್ಟೆಗೆ ಹಾಕಿ ಉಣ್ಣಿಸಿದಳು. ಅಪ್ಪ ಮಜ್ಜಿಗೆ ಕುಡಿದು ಎದ್ದರು. ಮಾರನೆಯ ದಿನವೂ ಹಾಗೆಯೇ ಆಯಿತು, ಅದರ ಮಾರನೆಯ ದಿನವೂ. ಆಮೆನ್ ಇಲ್ಲದೆ ಮನೆಯಲ್ಲಿ ಉಣ್ಣಲು ಅಪ್ಪನಿಗೆ ಮನಸ್ಸು ಬರಲಿಲ್ಲ. ಅವರು ಕ್ಯಾಂಟೀನಿನಲ್ಲಿ ಅನ್ನ ತಿನ್ನತೊಡಗಿದರು. ಅನ್ನ ತಿಂದರೆ ಹೊಟ್ಟೆ ತುಂಬುವ ಜಾತಿಯವರಲ್ಲ ಅವರು, ಇಳಿದುಹೋದರು. ಗೊರಕೆಯೂ ನಿಂತಿತು. ನನಗೆ ಬೇರೊಂದು ಚಿಂತೆ. ಕಂಡಕ್ಟರು ರೈಟ್ ಅನ್ನದೆ ಬಸ್ಸು ಹೊರಡದ ಹಾಗೆ, ಆಮೆನ್ ಇಲ್ಲದ ಪ್ರಾರ್ಥನೆಯೂ ಹೊರಡುವುದಿಲ್ಲ ಎಂದು ನಾನು ನಂಬಿದ್ದೆ. ಮೇಷ್ಟ್ರ ವರ್ಗ, ಎಮ್ಮೆಯ ಹಾಲು, ಸರ್ಕಾರದ ಸದ್ಬುದ್ಧಿ ಎಲ್ಲವೂ ನಮ್ಮ ಹೆಂಚಿನ ಕೆಳಗೇ ಸಿಕ್ಕಿಕೊಂಡು ನಿಂತಿವೆ ಎಂದು ರಾತ್ರಿ ಮಾಡು ನೋಡುತ್ತಾ ಮಲಗುತ್ತಿದ್ದೆ. ಪುಟ್ಟತಾಯಮ್ಮ ಬಂದು, "ನಿಮ್ಮೆಜಮಾನ್ರು ಗೌರಿ ಎಸರು ಬುಟ್ಟವ್ರೇನಮ್ಮ? ನಿನ್ನೆಯಿಂದ ಒದೀತದೆ" ಎಂದು ವಿಚಾರಿಸಿದಾಗ ನನ್ನ ಅನುಮಾನ ಗಟ್ಟಿಯಾಯಿತು.

ಆ ವಾರದ ಕೊನೆಯಲ್ಲಿ ಒಂದು ಸಂಜೆ ಅಪ್ಪ ಗೌರಿಯವರೆಗೆ ಬಂದು ನಿಂತರು. ಮುಂದಕ್ಕೂ ಹೋಗಲಿಲ್ಲ, ಮುಗಿಸಲೂ ಇಲ್ಲ. ನಾನು ಕಣ್ಣಿನ ಸಂದಿಯಲ್ಲಿ ನೋಡಿದೆ. ನಟ್ಟು ತಿರುಗದಿದ್ದಾಗ ಹಲ್ಲು ಕಚ್ಚುವಂತೆ ಹಲ್ಲು ಕಚ್ಚಿದ್ದರು. ಬಹಳ ಹೊತ್ತಿನ ಮೇಲೆ, "ಕೆಂಪಣ್ಣ" ಎಂದರು. ಕಾಯಿ ಎನ್ನಲಿಲ್ಲ, ಅಣ್ಣ ಎಂದು ಕೂಡ ಹೇಳಲಿಲ್ಲ. ಬರಿ ಹೆಸರು.

ಅಮ್ಮ ಅಷ್ಟಕ್ಕೇ ಆಮೆನ್ ಎಂದಳು. ಹೊರಗೆ ಬಂದು ಅಪ್ಪನ ತಟ್ಟೆಗೆ ಹಿಟ್ಟು ಹಾಕುತ್ತಾ, "ಬಾಯಿಂದ ಬಂತಲ್ಲ, ಇನ್ನು ಕಾಲಿಂದೇನು. ನಾಳಿದ್ದು ರಜ ಅದೆ, ಎಲ್ಲಾರೂ ಕೊಪ್ಪಕ್ಕೆ ಹೋಗ್ಬರನ" ಎಂದಳು. ಅಪ್ಪ ಉಣ್ಣುತ್ತಲೇ ಇದ್ದರು. ಬೇಡ ಎನ್ನಲಿಲ್ಲ.

ಮದ್ದೂರಿನಲ್ಲಿ ಬಸ್ಸು ಬದಲಿಸಿ ಕೊಪ್ಪದಲ್ಲಿ ಇಳಿದು ಮನೆಗೆ ಹೋದಾಗ ದೊಡ್ಡಪ್ಪ ಜಗುಲಿಯಲ್ಲಿ ಹಗ್ಗ ಹೊಸೆಯುತ್ತಿದ್ದರು. ನಾನು ಅವರನ್ನು ನೋಡಿದ್ದು ಅದೇ ಮೊದಲು. ಅಪ್ಪನದೇ ಮೂಗು, ಅಪ್ಪನದೇ ಕಿವಿ. ಅವರು ಎದ್ದು ನಿಂತರು. ಕೈಯಲ್ಲಿದ್ದ ಹಗ್ಗವನ್ನು ಎಲ್ಲಿಡಬೇಕೆಂದು ತಿಳಿಯದೆ ಹೆಗಲ ಮೇಲೆ ಹಾಕಿಕೊಂಡರು. ದೊಡ್ಡಮ್ಮ ಕಾಲಿಗೆ ನೀರು ಕೊಟ್ಟು, ಅಮ್ಮನನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋದರು.

"ಯಾಕೆ ಏಳ್ಕಳಿಸ್ನಿಲ್ಲ?" ಎಂದರು ಅಪ್ಪ. ನಮಸ್ಕಾರವಿಲ್ಲ, ಕ್ಷೇಮಸಮಾಚಾರವಿಲ್ಲ.

"ಬಂದಿದ್ರೆ ಎಣಕ್ಕೆ ಎಗಲು ಕೊಡ್ತೀನಿ ಅಂತಿದ್ದೆ ನೀನು."

"ಅಂತಿದ್ದೆ. ನಮ್ಮವ್ವ ಅಲ್ವಾ?"

"ಊರೋರು ಬುಡ್ತಿರನಿಲ್ಲ ಕಣ್ಲಾ. ಮೊದ್ಲೇ ಬಂದು ಏಳೋದ್ರು. ಅವ್ವನ ಎಣದ ಮುಂದೆ ನಿನ್ನ ತಳ್ಳಾಡೋದು, ನಾನು ಅದ್ನ ನೋಡ್ಕಂಡು ನಿಂತಿರೋದು... ನನ್ ಕೈಲಾಗಕಿಲ್ಲ ಅನ್ನಿಸ್ತು. ಅವರ್ನ ಎದುರಾಕೊಳ್ಳೋ ಧೈರ್ಯನೂ ಇರನಿಲ್ಲ." ದೊಡ್ಡಪ್ಪ ಹಗ್ಗದ ತುದಿಯನ್ನು ಎಳೆದರು. "ಎದ್ರುಕಂಡೆ. ಅಷ್ಟೆ. ಅದ್ಕೆ ಬೈಯೋದಾದ್ರೆ ಬೈ."

ಅಪ್ಪ ಬೈಯಲಿಲ್ಲ. ಜಗುಲಿಯ ಇನ್ನೊಂದು ತುದಿಯಲ್ಲಿ ಕೂತರು.

ಊಟದ ಹೊತ್ತಿಗೆ ಅಮ್ಮ ಒಳಗೆ ಎಲ್ಲವನ್ನೂ ದೊಡ್ಡಮ್ಮನಿಗೆ ಹೇಳಿಯಾಗಿತ್ತು. ದೊಡ್ಡಮ್ಮ ಅದನ್ನು ದೊಡ್ಡಪ್ಪನಿಗೆ ದಾಟಿಸಿಯೂ ಆಗಿತ್ತು. ಹಿಟ್ಟು, ಉಪ್ಸಾರು ಮುಂದೆ ಬಂತು. ಬೇರೆಯವರ ಮನೆ ಎಂದು ಅಪ್ಪ ಸುಮ್ಮನೆ ತುತ್ತು ಮುರಿಯಲು ಹೋದರು. ದೊಡ್ಡಪ್ಪ ತಡೆದರು.

"ದಿನಾ ನನ್ನ ಎಸರು ಏಳ್ತಿದ್ಯಂತೆ."

"ಊಂ."

"ಇದು ಗೊತ್ತಾದ್ ಮ್ಯಾಲೂ?"

"ಇಲ್ಲ. ನಡುವೆ ಬುಟ್ಟಿದ್ದೆ."

"ನಾನಾಗಿದ್ರೂ ಬುಡ್ತಿದ್ದೆ ಬುಡು" ಎಂದು ದೊಡ್ಡಪ್ಪ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿ, ಹೆಗಲ ಟವೆಲ್ಲನ್ನು ತೊಡೆಯ ಮೇಲೆ ಹಾಕಿಕೊಂಡು ಕೈ ಜೋಡಿಸಿದರು. "ಈಗ ಏಳು. ಕೇಳ್ತೀನಿ. ಅವ್ವಂದೂ ಸೇರ್ಸಿ ಏಳು."

ಅಪ್ಪ ಅಮ್ಮನ ಕಡೆ ನೋಡಿದರು. "ಸತ್ತೋರಿಗೆ ನಮ್ಮಲ್ಲಿ ಏಳಕಿಲ್ಲ ಕಣಣ್ಣ. ಅವ್ರು ಆಗ್ಲೇ ದೇವ್ರ ಅತ್ರ ಇರ್ತಾರೆ."

"ಅಲ್ಲೇ ಅವ್ಳೆ ಅಂದ್ರೆ ಏಳಕೇನ್ಲಾ ಕಷ್ಟ? ಒಸಬಳು ಅವ್ಳು ಅಲ್ಲಿಗೆ. ಯಾರ ಪರಿಚಯಾನೂ ಇಲ್ಲ."

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಅಯ್ಯನವರ ಪಾಠವೆಲ್ಲ ಅಪ್ಪನಿಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಅವಳು ತಲೆಯ ಮೇಲೆ ಸೆರಗೆಳೆದುಕೊಂಡು ಕಣ್ಣು ಮುಚ್ಚಿದಳು. ಅಪ್ಪ ಸರ್ಕಾರವನ್ನು ಬಿಟ್ಟರು, ಪವರ್ ಹೌಸನ್ನು ಬಿಟ್ಟರು, ಗೌರಿಯನ್ನೂ ಬಿಟ್ಟರು. "ತಂದೆಯೇ, ನಮ್ಮ ಅಣ್ಣ ಕೆಂಪಣ್ಣನನ್ನು ಕಾಯಿ. ನಮ್ಮವ್ವ..." ಎಂದರು. ಮುಂದಿನ ಮಾತು ಬರಲಿಲ್ಲ. ಮಾತಿಗೆ ಎಂದೂ ಬರವಿಲ್ಲದ ಮನುಷ್ಯ ಬಾಯಿ ತೆರೆದುಕೊಂಡು ಕೂತಿದ್ದರು, ಕಣ್ಣೀರು ಗಲ್ಲದಿಂದ ತಟ್ಟೆಗೆ ಬೀಳುತ್ತಿತ್ತು.

ದೊಡ್ಡಪ್ಪ ತಾವೇ ಮುಂದುವರಿಸಿದರು. ಯಾವ ಕಡೆ ನೋಡಿ ಹೇಳಬೇಕೆಂದು ಅವರಿಗೆ ಗೊತ್ತಿರಲಿಲ್ಲ. ತೊಲೆಯ ಕಡೆ ನೋಡಿ ಹೇಳಿದರು.

"ಸಣ್ಣಮ್ಮ ಅಂತ ಅವಳ ಎಸರು. ಮಂಡಿ ನೋವು ಕಣಪ್ಪ ಅವಳ್ಗೆ, ಬಾಯ್ಬುಟ್ಟು ಏಳಕಿಲ್ಲ. ಬಾಗ್ಲಲ್ಲಿ ನಿಲ್ಲಿಸ್ಬ್ಯಾಡ. ಒಂದ್ ಕಡೆ ಕುಂಡ್ರುಸು."

ಬಾಗಿಲಿನಿಂದ ಅಮ್ಮ ಆಮೆನ್ ಎಂದಳು.